ಮುಚ್ಚುವುದೂ ಮುಗಿಸುವುದೂ

ಕಳೆದ ತಿಂಗಳಿನ ಸಂಚಿಕೆಯಲ್ಲಿ ಮನೆಯ ಹಳೆಯ ಕಾಗದಪತ್ರಗಳನ್ನು ಗೆದ್ದಲಿನಿಂದಲೂ ಮಳೆಗಾಲದ ತೇವದಿಂದಲೂ ಕಾಪಾಡುವ ಬಗೆಯನ್ನು ಕುರಿತು ನಾಲ್ಕು ಮಾತುಗಳನ್ನು ಬರೆದಿದ್ದೆನಷ್ಟೆ. ಅದನ್ನೋದಿದ ಗೃಹಿಣಿಯೊಬ್ಬರು, ‘ಕಾಗದದ ಮಾತು ಆಯಿತು. ಆದರೆ ಈಗ ನಮ್ಮ ಮನೆಯಲ್ಲಿ ಎಲ್ಲರ ಕೈಯಲ್ಲಿಯೂ ತಿರುಗುವುದು ಟ್ಯಾಬ್. ರಾತ್ರಿ ಮಲಗುವ ಮುನ್ನ ಅದರೊಳಗಿನ ಆ್ಯಪ್‌ಗಳನ್ನೆಲ್ಲ ಮುಚ್ಚಿಯೇ ಮಲಗಬೇಕೆಂದು ನಮ್ಮ ಯಜಮಾನರು ಹೇಳುತ್ತಾರೆ. ಮುಚ್ಚಬಾರದೆಂದು ಮಗನು ಹೇಳುತ್ತಾನೆ. ಯಾರ ಮಾತು ಸರಿ?’ ಎಂದು ಕೇಳಿದ್ದಾರೆ. ಪ್ರಶ್ನೆಯು ಸಣ್ಣದೆಂದು ಕೆಲವರಿಗೆ ತೋರಬಹುದು. ನನಗೆ ಮಾತ್ರ ಹಾಗೆ ತೋರಲಿಲ್ಲ. ಏಕೆಂದರೆ, ಈ ಸಲದ ಮಳೆಗಾಲದಲ್ಲಿ ಇದೇ ವಿಷಯದಲ್ಲಿ ನಾನು ಮಾಡಿದ ಒಂದು ತಪ್ಪಿನಿಂದ ನನ್ನ ತಾಯಿಯ ಕಣ್ಣಿಗೆ ಅಪಾಯವು ಬರುವುದರಲ್ಲಿತ್ತು. ಆ ತಪ್ಪನ್ನು ಮರೆಮಾಡದೆ ಹೇಳಿಬಿಟ್ಟರೆ, ಪ್ರಶ್ನೆಗೆ ಉತ್ತರವೂ ಅದರಲ್ಲಿಯೇ ದೊರೆಯುವುದು.

ಮೊದಲು ನನ್ನ ಅಭ್ಯಾಸದ ಮಾತು. ಮೂವತ್ತಕ್ಕೂ ಹೆಚ್ಚು ವರ್ಷ ನಾನು ಹುಡುಗರಿಗೆ ಸಂಸ್ಕೃತವನ್ನೂ ಕನ್ನಡವನ್ನೂ ಕಲಿಸಿದವನು. ಸಂಜೆಯ ಕೊನೆಯ ಗಂಟೆಯು ಬಾರಿಸಿದ ಮೇಲೆ ಕರಿಹಲಗೆಯನ್ನು ಒರಸಿ, ಕಿಟಕಿಗಳ ಅಗುಳಿಯನ್ನು ಹಾಕಿ, ಬಾಗಿಲಿಗೆ ಬೀಗವಿಕ್ಕಿ, ಬೀಗವನ್ನು ಎರಡು ಬಾರಿ ಎಳೆದು ನೋಡಿದ ಹೊರತು ಮನೆಯ ದಾರಿಯನ್ನು ಹಿಡಿದವನಲ್ಲ. ನಿವೃತ್ತನಾದ ಮೇಲೆ ಮುಚ್ಚುವುದಕ್ಕೆ ಶಾಲೆಯಿಲ್ಲದೆ ಕೈಗಳು ಖಾಲಿಯಾದುವು. ಆ ಹೊತ್ತಿಗೆ ಮಗನು ಒಂದು ಟ್ಯಾಬನ್ನು ತಂದುಕೊಟ್ಟನು. ದಿನಪತ್ರಿಕೆ, ಪಂಚಾಂಗ, ಸಂಸ್ಕೃತ ನಿಘಂಟು, ಬ್ಯಾಂಕಿನ ಲೆಕ್ಕ, ಕಾಪುವಿನಲ್ಲಿರುವ ತಂಗಿಯ ಮುಖದರ್ಶನ, ಇವೆಲ್ಲವೂ ಒಂದು ಗಾಜಿನ ಸ್ಲೇಟಿನಲ್ಲಿ ಬಂದು ಕುಳಿತುವು. ಅದರ ಒಂದು ಮೂಲೆಯನ್ನು ಒತ್ತಿದರೆ ಹಗಲೆಲ್ಲ ತೆರೆದು ನೋಡಿದ ಆ್ಯಪ್‌ಗಳು ಇಸ್ಪೀಟಿನ ಎಲೆಗಳಂತೆ ಸಾಲಾಗಿ ಕಾಣಿಸಿಕೊಳ್ಳುವುವೆಂದೂ, ಒಂದೊಂದನ್ನೇ ಬೆರಳಿನಿಂದ ಮೇಲಕ್ಕೆ ತಳ್ಳಿದರೆ ಮಾಯವಾಗುವುವೆಂದೂ ತಿಳಿದ ದಿನ ನನಗಾದ ಸಂತೋಷವು ಇಷ್ಟಿಷ್ಟಲ್ಲ. ಬೀಗದ ಕೈಯು ಮತ್ತೆ ನನ್ನ ಕೈಗೆ ಬಂದಂತಾಯಿತು. ಅಂದಿನಿಂದ ಪ್ರತಿರಾತ್ರಿಯೂ ಎಲೆಗಳನ್ನೆಲ್ಲ ತಳ್ಳಿ, ‘ತೆರೆದದ್ದು ಯಾವುದೂ ಇಲ್ಲ’ ಎಂಬುದನ್ನು ಕಣ್ಣಾರೆ ಕಂಡಮೇಲೆಯೇ ನನಗೆ ನಿದ್ರೆಯು ಬರುತ್ತಿದ್ದಿತು.

ಇದರಲ್ಲಿ ಶಿಸ್ತಿನೊಡನೆ ಮಿತವ್ಯಯದ ಆಸೆಯೂ ಸೇರಿತ್ತು. ನಮ್ಮ ಕಡೆಯವರಿಗೆ ಚಿಕ್ಕದನ್ನು ಕೂಡಿಡುವುದು ರಕ್ತಗತವಾದ ಗುಣ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಂತೆ ಸಂಗ್ರಹಿಸಿ, ಕೂಲಿಯವರಿಗೂ ಸಣ್ಣ ಅಂಗಡಿಯವರಿಗೂ ಉಳಿತಾಯದ ರುಚಿಯನ್ನು ಹತ್ತಿಸಿದ ಕಥೆಯನ್ನು ವಾಚಕರು ಬಲ್ಲರು. ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತಾದರೂ ಪಿಗ್ಮಿಯೆಂಬ ಮಾತು ನಮ್ಮ ಬಾಯಿಯಿಂದ ಹೋಗಿಲ್ಲ. ಆಟಿಯ ತಿಂಗಳಲ್ಲಿ ತೆಂಗಿನ ಮಡಲೊಂದು ತಂತಿಯ ಮೇಲೆ ಬಿದ್ದಿತೆಂದರೆ ಅರ್ಧ ದಿನ ಕರೆಂಟಿಲ್ಲದ ಊರಿನಲ್ಲಿ, ಬ್ಯಾಟರಿಯ ಒಂದೊಂದು ಹನಿಯನ್ನೂ ಪಿಗ್ಮಿಯಂತೆ ಕೂಡಿಡುತ್ತಿದ್ದೇನೆಂದು ನಾನು ಭಾವಿಸಿದ್ದೆನು. ಈ ಭಾವನೆಯೇ ತಪ್ಪೆಂಬುದು ಆಮೇಲೆ ತಿಳಿಯಿತು.

ನನ್ನ ತಾಯಿಗೆ ಈಗ ಎಂಬತ್ತಮೂರು ವರ್ಷ. ಜುಲೈ ತಿಂಗಳಲ್ಲಿ ಅವರ ಬಲಗಣ್ಣಿನ ಪೊರೆಯನ್ನು ತೆಗೆಯಿಸಿದೆವು. ಶಸ್ತ್ರಕ್ರಿಯೆಯು ಅರ್ಧ ಗಂಟೆಯಲ್ಲಿ ಮುಗಿಯಿತು. ಅದರ ಶುಶ್ರೂಷೆಯು ಮಾತ್ರ ಒಂದೂವರೆ ತಿಂಗಳು. ಎರಡು ಬಗೆಯ ಹನಿಮದ್ದು. ಒಂದನ್ನು ಮೊದಲ ವಾರ ದಿನಕ್ಕೆ ಆರು ಬಾರಿ, ಮುಂದೆ ವಾರವಾರಕ್ಕೆ ಒಂದೊಂದು ಬಾರಿ ಕಡಮೆ; ಇನ್ನೊಂದನ್ನು ದಿನಕ್ಕೆ ನಾಲ್ಕು ಬಾರಿ. ಒಂದು ಮದ್ದಿಗೂ ಇನ್ನೊಂದಕ್ಕೂ ನಡುವೆ ಐದು ನಿಮಿಷದ ಅಂತರವಿರಬೇಕು. ಇಲ್ಲವಾದರೆ ಹಿಂದಿನದನ್ನು ಮುಂದಿನದು ತೊಳೆದುಬಿಡುವುದು. ಅಮರಕೋಶವನ್ನು ಬಾಯಿಪಾಠ ಮಾಡಿದ ನನಗೆ ಈ ಪಟ್ಟಿಯು ಬಾಯಿಗೆ ಬರಲಿಲ್ಲ. ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುತ್ತಿರುವ ನನ್ನ ತಂಗಿಯ ಮಗಳು ಮೊದಲ ವಾರ ನಮ್ಮಲ್ಲಿಯೇ ಉಳಿದು, ಮದ್ದಿನ ವೇಳೆಗಳನ್ನು ನೆನಪಿಸುವ ಒಂದು ಆ್ಯಪನ್ನು ಟ್ಯಾಬಿನಲ್ಲಿ ಹಾಕಿ, ವೇಳೆಗಳನ್ನೆಲ್ಲ ಅದರಲ್ಲಿ ತುಂಬಿಸಿಕೊಟ್ಟಳು. ಅದು ಗಂಟೆ ಬಾರಿಸಿದಾಗ ಹನಿ ಹಾಕುವುದು, ಸುಮ್ಮನಿದ್ದಾಗ ನಾವೂ ಸುಮ್ಮನಿರುವುದು, ಹೀಗೆ ಏಳು ದಿನಗಳು ಸುಸೂತ್ರವಾಗಿ ನಡೆದುವು.

ಭಾನುವಾರ ಸಂಜೆ ಹುಡುಗಿಯು ಮಣಿಪಾಲಕ್ಕೆ ಹಿಂದಿರುಗಿದಳು. ಆ ವಾರವೆಲ್ಲ ಟ್ಯಾಬು ಅವಳ ಕೈಯಲ್ಲಿದ್ದುದರಿಂದ ನನ್ನ ರಾತ್ರಿಯ ಕರ್ಮವು ತಪ್ಪಿತ್ತು. ಅಂದು ರಾತ್ರಿ ಅದನ್ನು ಮರಳಿ ಕೈಗೆತ್ತಿಕೊಂಡು, ಕೂಡಿಬಿದ್ದ ಎಲೆಗಳನ್ನೆಲ್ಲ ಸಂತೋಷದಿಂದ ಮೇಲಕ್ಕೆ ತಳ್ಳಿ, ಬರಿದಾದ ಪರದೆಯನ್ನು ನೋಡಿ ಮಲಗಿದೆನು.

ಸೋಮವಾರ ಬೆಳಗ್ಗೆ ಗಂಟೆಯು ಬಾರಿಸಲಿಲ್ಲ. ಬಾರಿಸಲಿಲ್ಲವೆಂಬುದೇ ನನಗೆ ತೋಚಲಿಲ್ಲ. ಗಂಟೆಗೆ ಅಷ್ಟು ಒಗ್ಗಿಹೋಗಿದ್ದೆನು. ಸ್ನಾನ, ಜಪ, ಪತ್ರಿಕೆ, ಪೇಟೆ, ಊಟ, ಎಲ್ಲವೂ ನಡೆದುವು. ಮಧ್ಯಾಹ್ನ ಮೂರರ ಸುಮಾರಿಗೆ ಅಮ್ಮನು ಜಗಲಿಯಿಂದ ಕೇಳಿದರು: “ಮಗಾ, ನಿನ್ನ ಹಲಗೆಗೆ ಇವತ್ತು ರಜೆಯೋ?” ಆಗ ನನ್ನ ಎದೆಯು ಧಸಕ್ಕೆಂದಿತು. ಅಷ್ಟರಲ್ಲಿ ಮೂರು ವೇಳೆಯ ಹನಿಗಳು ತಪ್ಪಿದ್ದುವು. ಓಡಿಬಂದು ಹನಿ ಹಾಕಿದೆನು. ರಾತ್ರಿಯ ಹೊತ್ತಿಗೆ ಕಣ್ಣು ಕೆಂಪಗಾಯಿತು. ದೀಪವನ್ನು ನೋಡಿದರೆ ನೋವೆಂದರು. ಮರುದಿನ ಬೆಳಗ್ಗೆ ಮಳೆಯಲ್ಲಿಯೇ ರಿಕ್ಷಾ ಮಾಡಿಕೊಂಡು ವೈದ್ಯರಲ್ಲಿಗೆ ಹೋದೆವು. ಒಳಗಿನ ಉರಿಯೂತವು ಸ್ವಲ್ಪ ಹೆಚ್ಚಿದೆಯೆಂದೂ, ತಡಮಾಡದೆ ಬಂದುದು ಒಳ್ಳೆಯದಾಯಿತೆಂದೂ ಹೇಳಿ, ಹನಿಗಳ ಸಂಖ್ಯೆಯನ್ನು ಮತ್ತೆ ಏರಿಸಿಕೊಟ್ಟರು. ಮಗನಾದವನ ಮುಖವನ್ನು ನೋಡಿ ಅವರು ಹೆಚ್ಚೇನನ್ನೂ ಹೇಳಲಿಲ್ಲ. ಹೇಳಿದ್ದರೇ ಚೆನ್ನಾಗಿತ್ತೇನೋ.

ಶನಿವಾರ ಹುಡುಗಿಯು ಬಂದಳು. ನಾನು ಆ್ಯಪನ್ನು ಬೈದೆನು, ಟ್ಯಾಬನ್ನು ಬೈದೆನು. ಅವಳು ಎಲ್ಲವನ್ನೂ ಕೇಳಿ, “ಮಾವ, ಭಾನುವಾರ ರಾತ್ರಿ ಎಲ್ಲವನ್ನೂ ಮೇಲಕ್ಕೆ ತಳ್ಳಿದಿರಾ?” ಎಂದು ಕೇಳಿದಳು. ತಳ್ಳಿದೆನೆಂದೆನು. ಅವಳು ವಾದಿಸಲಿಲ್ಲ, ಪ್ರಯೋಗವನ್ನೇ ಮಾಡಿ ತೋರಿಸಿದಳು. ಐದು ನಿಮಿಷದ ಮೇಲೆ ಬಾರಿಸುವಂತೆ ಒಂದು ವೇಳೆಯನ್ನಿಟ್ಟು, ಆ್ಯಪನ್ನು ಸಾಲಿನಿಂದ ತಳ್ಳಿ, ಟ್ಯಾಬನ್ನು ಮೇಜಿನ ಮೇಲಿಟ್ಟಳು. ಐದು ನಿಮಿಷವಾಯಿತು, ಏಳಾಯಿತು, ಸದ್ದಿಲ್ಲ. ಮತ್ತೊಮ್ಮೆ ಹಾಗೆಯೇ ವೇಳೆಯನ್ನಿಟ್ಟು, ತಳ್ಳದೆ, ಸುಮ್ಮನೆ ಪರದೆಯನ್ನು ಆರಿಸಿಟ್ಟಳು. ಐದನೆಯ ನಿಮಿಷಕ್ಕೆ ಗಂಟೆಯು ಬಾರಿಸಿತು. ಪ್ರತ್ಯಕ್ಷಕ್ಕಿಂತ ಮಿಗಿಲಾದ ಪ್ರಮಾಣವು ಯಾವುದು? ನಾನು ಸುಮ್ಮನಾದೆನು.

ಅನಂತರ ಅವಳು ವಿವರಿಸಿದುದರ ಸಾರವು ಹೀಗಿದೆ. ನಾವು ಒಂದು ಆ್ಯಪನ್ನು ಬಿಟ್ಟು ಮತ್ತೊಂದಕ್ಕೆ ಹೋದಾಗ, ಮೊದಲಿನದು ಓಡುತ್ತಲೇ ಇರುವುದೆಂದು ನಾವು ತಿಳಿಯುತ್ತೇವೆ. ಹಾಗಲ್ಲ. ಪರದೆಯ ಮೇಲಿರುವ ಆ್ಯಪ್ ಎಚ್ಚರವಾಗಿರುವುದು. ಅದನ್ನು ಬಿಟ್ಟೊಡನೆ, ಕೈಯಲ್ಲಿದ್ದ ಕೆಲಸವನ್ನು ಮುಗಿಸಿಕೊಳ್ಳುವುದಕ್ಕೆ ಅದಕ್ಕೆ ಅಲ್ಪ ಕಾಲವು ದೊರೆಯುವುದು. ಆಮೇಲೆ ಯಂತ್ರವು ಅದನ್ನು ಇದ್ದ ಸ್ಥಿತಿಯಲ್ಲಿಯೇ ತಡೆದು ನಿಲ್ಲಿಸುವುದು. ಆಗ ಅದು ಯಾವ ಕೆಲಸವನ್ನೂ ಮಾಡುವುದಿಲ್ಲ. ಸ್ಮರಣಕೋಶದಲ್ಲಿ ಸ್ವಲ್ಪ ಜಾಗವನ್ನು ಹಿಡಿದಿರುವುದು, ಅಷ್ಟೆ. ಆ ಜಾಗವು ಬೇರೊಂದಕ್ಕೆ ಬೇಕಾದರೆ ಯಂತ್ರವು ನಮ್ಮನ್ನು ಕೇಳದೆಯೇ ಹಳೆಯದನ್ನು ಹೊರಹಾಕುವುದು. ಸ್ಮರಣಕೋಶವು ತುಂಬಿದ್ದರೂ ಬರಿದಾಗಿದ್ದರೂ ಅದಕ್ಕೆ ಬೇಕಾಗುವ ವಿದ್ಯುತ್ತು ಹೆಚ್ಚುಕಡಮೆ ಒಂದೇ. ಆದಕಾರಣ ಅದನ್ನು ಬರಿದುಮಾಡುವುದರಿಂದ ಉಳಿತಾಯವೆಂಬುದು ಕಾಣೆ. ನಾವು ತಳ್ಳಿದ ಆ್ಯಪನ್ನು ಮರುದಿನ ತೆರೆದಾಗಲಾದರೋ ಯಂತ್ರವು ಎಲ್ಲವನ್ನೂ ಮೊದಲಿನಿಂದ ಹೊತ್ತು ತರಬೇಕು. ಅದಕ್ಕೆ ಖರ್ಚೇ ಹೆಚ್ಚು.

ಎಚ್ಚರ, ಅರೆಯೆಚ್ಚರ, ಗಾಢನಿದ್ರೆ ಎಂದು ಅವಳು ಬೆರಳು ಮಡಿಸಿ ಎಣಿಸಿದಾಗ, ಮಾಂಡೂಕ್ಯೋಪನಿಷತ್ತನ್ನು ಪಾಠ ಹೇಳಿಸಿಕೊಂಡಿದ್ದ ನನಗೆ ಜಾಗ್ರತ್ತು, ಸ್ವಪ್ನ, ಸುಷುಪ್ತಿಗಳು ನೆನಪಿಗೆ ಬಂದುವು. ತುರೀಯವನ್ನು ಮಾತ್ರ ಟ್ಯಾಬಿನಲ್ಲಿ ಹುಡುಕತಕ್ಕದ್ದಲ್ಲ. ಸುಷುಪ್ತಿಯಲ್ಲಿರುವವನು ಉಣ್ಣುವುದೂ ಇಲ್ಲ, ದುಡಿಯುವುದೂ ಇಲ್ಲ. ಆದರೂ ಅವನು ಇದ್ದಾನೆ, ಕರೆದರೆ ಏಳುತ್ತಾನೆ. ಅವನನ್ನು ಖರ್ಚಿನ ಭಯದಿಂದ ಮನೆಯಿಂದ ಹೊರಕ್ಕೆ ತಳ್ಳುವುದು ಯಾವ ನ್ಯಾಯ? ಉಡುಪಿಯವರಿಗೆ ಇನ್ನೂ ಸಮೀಪದ ದೃಷ್ಟಾಂತವೊಂದಿದೆ. ಅಷ್ಟಮಠಗಳಲ್ಲಿ ಒಂದೊಂದು ಮಠದ ಯತಿಗಳು ಸರದಿಯಂತೆ ಕೃಷ್ಣಪೂಜೆಯನ್ನು ವಹಿಸುವರು. ಮೊದಲು ಎರಡೆರಡು ತಿಂಗಳುಗಳಿದ್ದ ಈ ಸರದಿಯನ್ನು ಶ್ರೀ ವಾದಿರಾಜರು ಎರಡೆರಡು ವರ್ಷಗಳಿಗೆ ಮಾಡಿದರು. ಈಗ ಎರಡು ವರ್ಷಗಳಿಗೊಮ್ಮೆ ಜನವರಿ 18ರಂದು ಅಕ್ಷಯಪಾತ್ರೆಯೂ ಸಟ್ಟುಗವೂ ಕೀಲಿಕೈಯೂ ಒಬ್ಬರ ಕೈಯಿಂದ ಮತ್ತೊಬ್ಬರ ಕೈಗೆ ಹೋಗುವುವು. ಪೂಜೆಯು ಒಬ್ಬರದಾಯಿತೆಂದು ಉಳಿದ ಏಳು ಮಠಗಳಿಗೆ ಯಾರಾದರೂ ಬೀಗ ಹಾಕುವರೇ? ಅವು ತಮ್ಮ ತಮ್ಮ ಸ್ಥಾನದಲ್ಲಿಯೇ ಸರದಿಯನ್ನು ಕಾದಿರುವುವು.

ನಾನು ಈ ದೃಷ್ಟಾಂತವನ್ನು ಹೇಳಿ ಮೆಚ್ಚುಗೆಯನ್ನು ನಿರೀಕ್ಷಿಸುತ್ತಿರುವಾಗ, ಕಣ್ಣಿಗೆ ಕಪ್ಪು ಕನ್ನಡಕವನ್ನು ಹಾಕಿಕೊಂಡು ಮೂಲೆಯಲ್ಲಿ ಕುಳಿತಿದ್ದ ಅಮ್ಮನು, “ಇಷ್ಟಕ್ಕೆ ಉಪನಿಷತ್ತು ಯಾಕೆ? ನಾವು ಒಲೆಯ ಕೆಂಡವನ್ನು ಬೂದಿಯಲ್ಲಿ ಮುಚ್ಚಿಡುತ್ತಿದ್ದೆವಲ್ಲ, ಅದೇ” ಎಂದರು.

ಹುಡುಗಿಗೆ ಅರ್ಥವಾಗಲಿಲ್ಲ, ಅವಳು ಕಟ್ಟಿಗೆಯ ಒಲೆಯ ಅಡುಗೆಯನ್ನು ಕಂಡವಳಲ್ಲ. ಅಮ್ಮನೇ ವಿವರಿಸಿದರು. ರಾತ್ರಿಯ ಅಡುಗೆಯು ಆದಮೇಲೆ ಒಲೆಗೆ ನೀರು ಹೊಯ್ಯುವ ಪದ್ಧತಿಯಿರಲಿಲ್ಲ. ಉರಿಯುವ ಕೊಳ್ಳಿಯನ್ನು ಹೊರಗೆಳೆದು, ಉಳಿದ ಕೆಂಡವನ್ನು ಗುಡ್ಡೆಮಾಡಿ, ಬೂದಿಯನ್ನು ಮುಚ್ಚಿ ಮಲಗುತ್ತಿದ್ದರು. ಕಟ್ಟಿಗೆಯ ಖರ್ಚಿಲ್ಲ, ಹೊಗೆಯಿಲ್ಲ. ಬೆಳಗ್ಗೆ ಬೂದಿಯನ್ನು ಕೆದಕಿ, ಒಣಗಿದ ತೆಂಗಿನ ಗರಿಯನ್ನಿಟ್ಟು ಊದಿದರೆ ಬೆಂಕಿಯು ಸಿದ್ಧ. ಹೊಸದಾಗಿ ಮನೆಗೆ ಬಂದ ಸೊಸೆಯೊಬ್ಬಳು ಅಚ್ಚುಕಟ್ಟಾಗಲೆಂದು ಒಲೆಗೆ ನೀರು ಹೊಯ್ದರೆ, ಮರುದಿನ ಒದ್ದೆಯಾದ ಒಲೆಯೊಡನೆಯೂ ಒದ್ದೆಯಾದ ಕಡ್ಡಿಪೆಟ್ಟಿಗೆಯೊಡನೆಯೂ ಅವಳೇ ಗುದ್ದಾಡಬೇಕಾಗುತ್ತಿತ್ತು. “ನಿನ್ನ ಮಾವ ಅಂದು ರಾತ್ರಿ ಒಲೆಗೆ ನೀರು ಹೊಯ್ದ” ಎಂದು ಅಮ್ಮನು ಮುಗಿಸಿದರು. ಹುಡುಗಿಯು ನಕ್ಕಳು. ನನಗೂ ನಗದೆ ಗತಿಯಿರಲಿಲ್ಲ.

ಹಾಗಾದರೆ ಎಲೆಗಳನ್ನು ತಳ್ಳುವ ಈ ಅಭ್ಯಾಸವು ಲೋಕಕ್ಕೆಲ್ಲ ಹೇಗೆ ಅಂಟಿತು? ಹಳೆಯ ಮೇಜಿನ ಕಂಪ್ಯೂಟರುಗಳಲ್ಲಿ ಹಲವು ಕಿಟಕಿಗಳನ್ನು ತೆರೆದಿಟ್ಟರೆ ಯಂತ್ರವು ಏದುತ್ತಿತ್ತು. ಬೇಡವಾದುದನ್ನು ಮುಚ್ಚಿದರೆ ಹಗುರಾಗುತ್ತಿತ್ತು. ಆ ಪಾಠವನ್ನೇ ನಾವು ಇಲ್ಲಿಗೂ ತಂದೆವು. 2010ರ ಏಪ್ರಿಲಿನಲ್ಲಿ ಆಪಲ್ ಸಂಸ್ಥೆಯ ಐಪ್ಯಾಡ್ ಮೊದಲು ಮಾರಾಟಕ್ಕೆ ಬಂದಾಗ, ಹೊರಗಿನವರು ಮಾಡಿದ ಆ್ಯಪ್‌ಗಳಲ್ಲಿ ಒಂದು ವೇಳೆಗೆ ಒಂದೇ ನಡೆಯುತ್ತಿತ್ತು. ಅದನ್ನು ಬಿಟ್ಟರೆ ಅದು ನಿಂತೇಹೋಗುತ್ತಿತ್ತು. ಬಿಟ್ಟ ಆ್ಯಪನ್ನು ನಿದ್ರೆಯಲ್ಲಿರಿಸುವ ಏರ್ಪಾಡು ಅದಕ್ಕೆ ಬಂದುದು ಅದೇ ವರ್ಷದ ನವೆಂಬರಿನಲ್ಲಿ. ಆಂಡ್ರಾಯ್ಡ್ ಯಂತ್ರಗಳ ಮೊದಲ ದಿನಗಳಲ್ಲಿಯಾದರೋ ಬೇರೆ ಆ್ಯಪ್‌ಗಳನ್ನು ಕೊಲ್ಲುವುದಕ್ಕೆಂದೇ ಆ್ಯಪ್‌ಗಳು ಹುಟ್ಟಿಕೊಂಡು ಬಹು ಪ್ರಸಿದ್ಧವಾದುವು. ಕೊನೆಗೆ 2016ರಲ್ಲಿ, ಆಪಲ್ ಸಂಸ್ಥೆಯ ತಂತ್ರಾಂಶದ ಮುಖ್ಯಸ್ಥರಾದ ಕ್ರೇಗ್ ಫೆಡರಿಘಿಯವರು, ತಾವು ಹೀಗೆ ಮುಚ್ಚುವುದೂ ಇಲ್ಲ, ಬ್ಯಾಟರಿಗಾಗಿ ಮುಚ್ಚುವ ಅಗತ್ಯವೂ ಇಲ್ಲವೆಂದು ಒಬ್ಬ ಬಳಕೆದಾರನ ಪತ್ರಕ್ಕೆ ಉತ್ತರಕೊಟ್ಟರು. ಗೂಗಲ್ ಸಂಸ್ಥೆಯಲ್ಲಿ ಆಂಡ್ರಾಯ್ಡಿನ ಹೊಣೆಯನ್ನು ಹೊತ್ತಿದ್ದ ಹಿರೋಷಿ ಲಾಕ್‌ಹೈಮರ್ ಅವರೂ ಅದೇ ಸಮಯದಲ್ಲಿ, ಅದರಿಂದ ಪ್ರಯೋಜನಕ್ಕಿಂತ ಅಲ್ಪ ನಷ್ಟವೇ ಆದೀತೆಂದು ಹೇಳಿದರು. ಕೆಟ್ಟು ನಿಂತ ಆ್ಯಪನ್ನು ಮಾತ್ರ ಮುಚ್ಚಬೇಕೆಂಬುದು ಆಪಲ್ ಸಂಸ್ಥೆಯ ಸೂಚನೆ.

ಮೇಷ್ಟರಾದವರು ಕೇಳಿದ್ದನ್ನು ಪರೀಕ್ಷಿಸದೆ ಬಿಡಬಾರದಷ್ಟೆ. ನಾನು ಒಂದು ವಾರ ಎಲ್ಲವನ್ನೂ ತಳ್ಳಿ, ಮತ್ತೊಂದು ವಾರ ಯಾವುದನ್ನೂ ತಳ್ಳದೆ, ಪ್ರತಿರಾತ್ರಿ ಮಲಗುವಾಗಲೂ ಬೆಳಗ್ಗೆ ಏಳುವಾಗಲೂ ಬ್ಯಾಟರಿಯ ಅಂಕವನ್ನು ದಿನಚರಿಯಲ್ಲಿ ಬರೆದು ನೋಡಿದೆನು. ಹೇಳಿಕೊಳ್ಳುವಂತಹ ಅಂತರವೇನೂ ಕಾಣಲಿಲ್ಲ. ಆದರೆ ಪರದೆಯ ಬೆಳಕನ್ನು ಅರ್ಧಕ್ಕೆ ಇಳಿಸಿದ ದಿನ ಮಾತ್ರ ಸಂಜೆಯವರೆಗೂ ಬ್ಯಾಟರಿಯು ಧಾರಾಳವಾಗಿ ಉಳಿಯಿತು. ಬ್ಯಾಟರಿಯನ್ನು ನಿಜವಾಗಿ ತಿನ್ನುವುದು ಬೆಳಕೇ. ಅದರ ಹಿಂದೆ ದೀರ್ಘಕಾಲದ ವೀಡಿಯೋ, ಸಿಗ್ನಲ್ಲಿಲ್ಲದ ಕಡೆ ಸಿಗ್ನಲ್ಲಿಗಾಗಿ ತಡಕಾಟ, ದಾರಿ ತೋರಿಸುವ ನಕಾಶೆ. ನನ್ನ ಪಿಗ್ಮಿಯೆಂಬುದು ಪುಸ್ತಕದಲ್ಲಿ ಬರೆದುಕೊಂಡದ್ದೇ ಹೊರತು ಖಾತೆಯಲ್ಲಿ ಕಾಸೂ ಸೇರಿರಲಿಲ್ಲ.

ಇಷ್ಟನ್ನು ಓದಿ, ‘ಇನ್ನು ಯಾವುದನ್ನೂ ಮುಚ್ಚುವುದೇ ಬೇಡ’ ಎಂದು ಯಾರಾದರೂ ನಿಶ್ಚಯಿಸಿದರೆ ಅದೂ ತಪ್ಪಾಗುವುದು. ಅದಕ್ಕೆ ಕಾರ್ಕಳದ ನನ್ನ ಮಿತ್ರರೇ ಸಾಕ್ಷಿ. ಅವರೂ ನಿವೃತ್ತ ಅಧ್ಯಾಪಕರು. ಕಾರ್ಕಳದಿಂದ ಉಡುಪಿಗೆ ಮಗನ ಕಾರಿನಲ್ಲಿ ಹೊರಟವರು, ಮಾತನಾಡಿ ದಾರಿ ತೋರಿಸುವ ನಕಾಶೆಯನ್ನು ತೆರೆದಿಟ್ಟುಕೊಂಡರು. ನಡುವೆ ಹಿರಿಯಡಕದಲ್ಲಿ ಬಂಧುಗಳ ಮನೆಯ ಉಪನಯನಕ್ಕೆ ಇಳಿದರು. ಇಳಿಯುವಾಗ ಮನೆಯ ಚಿತ್ರವಿರುವ ಗುಂಡಿಯನ್ನೊತ್ತಿ, ನಕಾಶೆಯು ಕಣ್ಣಿಗೆ ಮರೆಯಾದುದನ್ನು ನೋಡಿ, ಅದು ಮುಗಿಯಿತೆಂದು ಟ್ಯಾಬನ್ನು ಜೋಳಿಗೆಗೆ ಹಾಕಿದರು. ಅದಾದರೋ ಉಡುಪಿಯನ್ನು ಮುಟ್ಟದೆ ಬಿಡುವುದಿಲ್ಲವೆಂಬ ಸಂಕಲ್ಪದಿಂದಿತ್ತು. ಗಾಯತ್ರಿಯ ಉಪದೇಶಕ್ಕೆ ಚಪ್ಪರವೆಲ್ಲ ನಿಶ್ಶಬ್ದವಾಗಿರುವಾಗ, ಮಿತ್ರರು ಜೋಳಿಗೆಯೊಡನೆ ಸ್ವಲ್ಪ ಅತ್ತ ಸರಿದರಂತೆ; ಒಳಗಿನಿಂದ, ಹಿಂದಕ್ಕೆ ತಿರುಗಿ ಬರುವಂತೆ ಸ್ಪಷ್ಟವಾದ ಕನ್ನಡದಲ್ಲಿ ಆಜ್ಞೆಯಾಯಿತು. ವಟುವೇ ತಿರುಗಿ ನೋಡಿದನು. ಊಟದ ಹೊತ್ತಿಗೆ ಟ್ಯಾಬು ಬಿಸಿಯಾಗಿ, ಬ್ಯಾಟರಿಯು ಬರಿದಾಗಿತ್ತು.

ನನ್ನ ತಪ್ಪೂ ಅವರ ತಪ್ಪೂ ಹೊರನೋಟಕ್ಕೆ ವಿರುದ್ಧವಾದರೂ ಬೇರು ಒಂದೇ. ಮರೆಮಾಡುವುದು, ನಂದಿಸುವುದು, ಮುಗಿಸುವುದು ಎಂಬ ಮೂರು ಕ್ರಿಯೆಗಳಿಗೆ ನಾವಿಬ್ಬರೂ ‘ಮುಚ್ಚುವುದು’ ಎಂಬ ಒಂದೇ ಮಾತನ್ನು ಬಳಸಿದೆವು. ಪಿಧಾನವೇ ಬೇರೆ, ಸಮಾಪ್ತಿಯೇ ಬೇರೆ. ಪಾತ್ರೆಗೆ ತಟ್ಟೆಯನ್ನು ಮುಚ್ಚಿದ ಮಾತ್ರಕ್ಕೆ ಅಡುಗೆಯು ಮುಗಿಯಲಿಲ್ಲ. ಮನೆಯ ಗುಂಡಿಯನ್ನೊತ್ತಿದರೆ ಆ್ಯಪ್ ಮರೆಯಾಗುವುದು. ಎಲೆಯನ್ನು ತಳ್ಳಿದರೆ ನಂದುವುದು. ಆರಂಭಿಸಿದ ಕೆಲಸವನ್ನು ಮುಗಿಸಬೇಕಾದರೆ ಆ ಆ್ಯಪಿನೊಳಗೇ ಹೋಗಿ ಮುಗಿಸಬೇಕು. ಇದನ್ನು ತಿಳಿದುಕೊಂಡವರು ಈ ಕೆಳಗಿನಂತೆ ನಡೆದುಕೊಳ್ಳಬಹುದು.

ಮೊದಲನೆಯದಾಗಿ, ದಾರಿಯ ನಕಾಶೆ, ಹಾಡು, ವೀಡಿಯೋ ಕರೆ, ಧ್ವನಿಮುದ್ರಣ, ನಾವಿರುವ ಸ್ಥಳವನ್ನು ಇತರರಿಗೆ ತಿಳಿಸುವ ಏರ್ಪಾಡು, ಇವು ಮರೆಯಾದ ಮೇಲೆಯೂ ದುಡಿಯುವಂತಹವು. ಅವುಗಳನ್ನು ಅವುಗಳ ಒಳಗಿರುವ ನಿಲ್ಲಿಸುವ ಗುಂಡಿಯಿಂದಲೇ ನಿಲ್ಲಿಸಬೇಕು. ಪರದೆಯ ಮೇಲಂಚಿನಲ್ಲಿ ಅವುಗಳ ಚಿಕ್ಕ ಗುರುತು ಉಳಿದಿದ್ದರೆ, ಇನ್ನೂ ಮುಗಿದಿಲ್ಲವೆಂದು ತಿಳಿಯಬೇಕು.

ಎರಡನೆಯದಾಗಿ, ಬ್ಯಾಂಕಿನ ಆ್ಯಪಿನಲ್ಲಿ ಕೆಲಸವಾದ ಕೂಡಲೇ ‘ಲಾಗ್ ಔಟ್’ ಎಂಬುದನ್ನು ಒತ್ತಿ ಹೊರಬರತಕ್ಕದ್ದು. ಸ್ವಲ್ಪ ಹೊತ್ತು ಸುಮ್ಮನಿದ್ದರೆ ತಾನೇ ಹೊರಹಾಕುವ ಏರ್ಪಾಡು ಬಹುಮಟ್ಟಿಗೆ ಇರುವುದಾದರೂ, ಮನೆಯವರೆಲ್ಲರ ಕೈಗೂ ಹೋಗುವ ಟ್ಯಾಬಿನಲ್ಲಿ ಅದನ್ನೇ ನಂಬಿಕೊಂಡಿರುವುದು ಗೃಹಸ್ಥನಿಗೆ ಭೂಷಣವಲ್ಲ. ಹಣವನ್ನು ಕಳುಹಿಸುತ್ತಿರುವಾಗ ಚಕ್ರವು ತಿರುಗುತ್ತಿದ್ದರೆ ಆ ನಡುವೆ ಎಲೆಯನ್ನು ತಳ್ಳಬಾರದು. ಹಣವು ಹೋಯಿತೋ ಇಲ್ಲವೋ ಎಂಬುದನ್ನು ಖಾತೆಯಲ್ಲಿ ನೋಡಿಕೊಳ್ಳದೆ ಎರಡನೆಯ ಬಾರಿ ಕಳುಹಿಸಲೂ ಬಾರದು.

ಮೂರನೆಯದಾಗಿ, ಒಂದು ಆ್ಯಪ್ ಸ್ತಬ್ಧವಾಗಿ ನಿಂತು, ಮುಟ್ಟಿದರೂ ಮಿಸುಕದೆ ಹೋದರೆ, ಆಗ ಅವಶ್ಯವಾಗಿ ಅದನ್ನು ತಳ್ಳಬೇಕು. ಐಪ್ಯಾಡಿನಲ್ಲಿ ಕೆಳಗಿನ ಅಂಚಿನಿಂದ ಬೆರಳನ್ನು ಮೇಲಕ್ಕೆ ಎಳೆದು ನಡುವೆ ಕ್ಷಣಕಾಲ ತಡೆದರೆ ಸಾಲು ಕಾಣುವುದು. ಗುಂಡಿಯಿರುವ ಐಪ್ಯಾಡಾದರೆ ಅದನ್ನು ಬೇಗಬೇಗನೆ ಎರಡು ಬಾರಿ ಒತ್ತಬೇಕು. ಆಂಡ್ರಾಯ್ಡ್ ಟ್ಯಾಬುಗಳಲ್ಲಿ ಬೆರಳನ್ನು ಹಾಗೆಯೇ ಎಳೆದು ತಡೆಯಬಹುದು. ಕೆಳಗೆ ಮೂರು ಗುಂಡಿಗಳಿದ್ದರೆ, ಸಾಲನ್ನು ತೋರಿಸುವ ಗುಂಡಿಯನ್ನು ಒತ್ತಬೇಕು. ಕೆಟ್ಟು ನಿಂತ ಆ್ಯಪಿನ ಎಲೆಯೊಂದನ್ನೇ ಮೇಲಕ್ಕೆ ತಳ್ಳಿ, ಮತ್ತೆ ತೆರೆಯಬೇಕು. ಆದರೂ ಹಟಮಾಡಿದರೆ ಟ್ಯಾಬನ್ನೇ ಒಮ್ಮೆ ಆರಿಸಿ ಹಚ್ಚುವುದು ಉತ್ತಮೋಪಾಯ.

ನಾಲ್ಕನೆಯದಾಗಿ, ಬ್ಯಾಟರಿಯು ಬೇಗ ಬರಿದಾಗುತ್ತಿದ್ದರೆ ಊಹೆಯಿಂದ ಎಲ್ಲವನ್ನೂ ದಂಡಿಸಬೇಡಿ. ಸೆಟ್ಟಿಂಗ್ಸಿನಲ್ಲಿ ಬ್ಯಾಟರಿಯೆಂಬ ಪುಟವನ್ನು ತೆರೆದರೆ ಯಾವ ಆ್ಯಪ್ ಎಷ್ಟು ತಿಂದಿತೆಂಬ ಲೆಕ್ಕವೇ ಅಲ್ಲಿರುವುದು. ತಪ್ಪಿತಸ್ಥನು ಅಲ್ಲಿ ಸಿಕ್ಕಿದರೆ, ಅವನೊಬ್ಬನನ್ನು ನಿಲ್ಲಿಸಿ, ಬೇಡವಾದರೆ ತೆಗೆದೇಬಿಡಿ. ಇಡೀ ತರಗತಿಯನ್ನು ಬೆಂಚಿನ ಮೇಲೆ ನಿಲ್ಲಿಸುವ ಉಪಾಧ್ಯಾಯನು ಎಂದಿಗೂ ತುಂಟನನ್ನು ಹಿಡಿಯಲಾರನು.

ಐದನೆಯದೂ ಮುಖ್ಯವಾದುದೂ ಏನೆಂದರೆ, ನೆನಪಿಸುವ, ಕರೆಯುವ, ಎಚ್ಚರಿಸುವ ಆ್ಯಪ್‌ಗಳನ್ನು ತಳ್ಳಬೇಡಿ. ಎಲ್ಲ ಟ್ಯಾಬುಗಳಲ್ಲಿಯೂ ತಳ್ಳಿದ ಮಾತ್ರಕ್ಕೆ ಗಂಟೆಯು ನಿಲ್ಲುವುದಿಲ್ಲ. ಆದರೆ ಕೆಲವು ತಯಾರಕರು ಬ್ಯಾಟರಿಯನ್ನು ಉಳಿಸುವ ಅತ್ಯಾಸೆಯಿಂದ, ತಳ್ಳಿದ ಆ್ಯಪಿನ ಎಲ್ಲ ಕೆಲಸವನ್ನೂ, ಮುಂದೆ ಬಾರಿಸಬೇಕಾದ ಗಂಟೆಯನ್ನೂ ಕೂಡ, ನಿಲ್ಲಿಸಿಬಿಡುತ್ತಾರೆ. ನಿಮ್ಮದು ಯಾವ ಜಾತಿಯದೆಂಬುದನ್ನು ನನ್ನ ತಂಗಿಯ ಮಗಳು ಮಾಡಿದ ಐದು ನಿಮಿಷದ ಪ್ರಯೋಗದಿಂದ ನೀವೇ ತಿಳಿಯಬಹುದು. ಅವಳು ನಮ್ಮ ಟ್ಯಾಬಿನಲ್ಲಿ ಆ ಆ್ಯಪಿಗೆ ಬ್ಯಾಟರಿಯ ನಿರ್ಬಂಧವನ್ನು ತೆಗೆದು, ಸಾಲಿನಲ್ಲಿರುವ ಅದರ ಎಲೆಗೆ ಚಿಕ್ಕ ಬೀಗದ ಗುರುತನ್ನು ಹಾಕಿಕೊಟ್ಟಳು; ಈಗ ನಾನು ಎಲ್ಲವನ್ನೂ ತಳ್ಳಿದರೂ ಅದೊಂದು ಉಳಿಯುವುದು. ಕಾಪುವಿನ ದೀಪಸ್ತಂಭವನ್ನು 1901ರಲ್ಲಿ ಕಟ್ಟಿದಂದಿನಿಂದ ಎಷ್ಟು ದೋಣಿಗಳು ಅದನ್ನು ನೋಡಿಕೊಂಡು ದಡ ಸೇರಿಲ್ಲ! ಅದರ ಬೆಳಕು ಒಮ್ಮೆ ಹೊಳೆದು ಮತ್ತೊಮ್ಮೆ ಹೊಳೆಯುವವರೆಗೆ ನಡುವೆ ಕತ್ತಲೆಯೇ. ಆ ಕತ್ತಲೆಯನ್ನು ನೋಡಿ ಅದು ವ್ಯರ್ಥವಾಗಿ ನಿಂತಿದೆಯೆಂದು ಯಾರೂ ಹೇಳುವುದಿಲ್ಲ. ನೆನಪಿಸುವ ಆ್ಯಪೂ ಹಾಗೆಯೇ. ಅದರ ಕೆಲಸವು ಬಹುಪಾಲು ಸುಮ್ಮನಿರುವುದೇ.

ಪ್ರಶ್ನೆ ಕೇಳಿದ ಗೃಹಿಣಿಯವರಿಗೆ ಉತ್ತರವು ಇದರಿಂದ ದೊರೆಯಿತೆಂದು ನಂಬುತ್ತೇನೆ. ಮಗನ ಮಾತೇ ಬಹುಮಟ್ಟಿಗೆ ಸರಿ. ಆದರೆ ಯಜಮಾನರನ್ನು ನೋಡಿ ನಗಬೇಡಿರಿ. ಮಲಗುವ ಮುನ್ನ ಮನೆಯ ಬಾಗಿಲುಗಳನ್ನೂ ಗ್ಯಾಸಿನ ಕೀಲಿಯನ್ನೂ ನೋಡಿ ಬರುವವರ ಮನಸ್ಸೇ ಅವರದು. ಅದನ್ನು ತೋರಿಸಿದ ಜಾಗ ಮಾತ್ರ ತಪ್ಪು. ಆ ಮನಸ್ಸನ್ನು ಬ್ಯಾಂಕಿನ ಲಾಗ್ ಔಟಿಗೂ ನಕಾಶೆಯನ್ನು ನಿಲ್ಲಿಸುವುದಕ್ಕೂ ತಿರುಗಿಸಿಕೊಡಿರಿ.

ಈ ವಿಷಯದಲ್ಲಿ ನಾನು ಕಲಿತುದು ಟ್ಯಾಬಿನ ಪಾಠ ಮಾತ್ರವಲ್ಲ. ಗಂಟೆಯು ಬಾರಿಸದ ದಿನ ಗಂಟೆಯದೇ ತಪ್ಪೆಂದು ಬೈದೆನು. ಬೆಳಗ್ಗೆ ಎದ್ದೊಡನೆ ತಾಯಿಯ ಕಣ್ಣನ್ನು ನೋಡಬೇಕಾದವನು ನಾನು, ಟ್ಯಾಬಲ್ಲ. ಈಗ ಅಡುಗೆಮನೆಯ ಗೋಡೆಯ ಮೇಲೆ ಒಂದು ಹಾಳೆಯನ್ನು ಅಂಟಿಸಿ, ಹನಿ ಹಾಕಿದ ಒಂದೊಂದು ವೇಳೆಗೂ ಪೆನ್ಸಿಲಿನಿಂದ ಗುರುತು ಮಾಡುತ್ತೇನೆ. ಟ್ಯಾಬು ಬಾರಿಸಿದರೆ ಸಂತೋಷ. ಬಾರಿಸದಿದ್ದರೆ ಹಾಳೆಯಲ್ಲಿರುವ ಖಾಲಿ ಜಾಗವೇ ನನ್ನನ್ನು ಕೇಳುವುದು.

ಕಣ್ಣಿನ ಕೆಂಪು ಎರಡು ವಾರದಲ್ಲಿ ಇಳಿಯಿತು. ಮದ್ದು ಮುಗಿದ ದಿನ ವೈದ್ಯರು ಹೊಸ ಕನ್ನಡಕವನ್ನು ಬರೆದುಕೊಟ್ಟರು. ಅದನ್ನು ಹಾಕಿಕೊಂಡು ಅಮ್ಮನು ಮೊದಲು ಅಂಗಳದ ತುಳಸಿಯನ್ನು ನೋಡಿದರು, ಆಮೇಲೆ ನನ್ನನ್ನು. ಬಹಳ ಹೊತ್ತು ನೋಡಿ, “ನಿನ್ನ ತಲೆ ಇಷ್ಟೊಂದು ಬೆಳ್ಳಗಾದದ್ದು ಯಾವಾಗ, ಮಗಾ?” ಎಂದು ಕೇಳಿದರು. ಆ ರಾತ್ರಿ ನಾನು ಟ್ಯಾಬಿನ ಯಾವ ಎಲೆಯನ್ನೂ ತಳ್ಳಲಿಲ್ಲ.

ಮುಂದಿನ ತಿಂಗಳು, ಮನೆಯಲ್ಲಿ ಉಳಿದುಹೋದ ಹಳೆಯ ಮದ್ದುಗಳನ್ನು ಏನು ಮಾಡತಕ್ಕದ್ದೆಂಬುದನ್ನು ವಿಚಾರಿಸೋಣ.